ಹೆಜ್ಜೆಗಳ ಎಣಿಕೆಯೂ ವೃದ್ಧರ ಆರೋಗ್ಯವೂ

ನಡಿಗೆಯು ವೃದ್ಧರಿಗೆ ಸುಲಭವೂ ಹಿತಕರವೂ ಆದ ವ್ಯಾಯಾಮವೆಂಬುದು ಸರ್ವವಿದಿತ. ಹೆಜ್ಜೆಗಳನ್ನು ಎಣಿಸುವ ಯಂತ್ರವನ್ನು ಈಗ ಅನೇಕ ಹಿರಿಯರು ಕೈಗಡಿಯಾರದಂತೆ ಧರಿಸುತ್ತಿದ್ದಾರೆ. ದಿನಕ್ಕೆ 10,000 ಹೆಜ್ಜೆಗಳೆಂಬ ಗುರಿಯನ್ನು ಮುಟ್ಟಲು ಕೆಲವರು ಮಂಡಿನೋವನ್ನೂ ಲೆಕ್ಕಿಸದೆ ನಡೆದು ಬಳಲುತ್ತಾರೆ; ಕೆಲವರು ನಿರಾಶರಾಗಿ ನಡಿಗೆಯನ್ನೇ ತೊರೆಯುತ್ತಾರೆ. ಆದುದರಿಂದ ಈ ವಿಷಯವನ್ನು ವಿಚಾರಿಸುವುದು ಅವಶ್ಯಕ.

ಶಂಕೆ: 10,000 ಎಂಬ ಸಂಖ್ಯೆ ಎಲ್ಲಿಂದ ಬಂದಿತು?

ಸಮಾಧಾನ: 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ತರುವಾಯ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆಗಳನ್ನು ಎಣಿಸುವ ಉಪಕರಣವನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾನ್‌ಪೊ-ಕೆಯ್’, ಎಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಈ ಸಂಖ್ಯೆ ವ್ಯಾಪಾರದ ಹೆಸರಿನಿಂದ ಪ್ರಸಿದ್ಧವಾಯಿತೇ ಹೊರತು ವೃದ್ಧರನ್ನು ಪರೀಕ್ಷಿಸಿ ನಿರ್ಣಯಿಸಿದುದಲ್ಲ.

ಶಂಕೆ: ಹಾಗಾದರೆ ಎಷ್ಟು ನಡೆದರೆ ಪ್ರಯೋಜನ?

ಸಮಾಧಾನ: ಅಮೆರಿಕದ ಸಂಶೋಧಕಿ ಐ-ಮಿನ್ ಲೀ ಮತ್ತು ಸಹೋದ್ಯೋಗಿಗಳು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು, 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಶೇಕಡಾ 41ರಷ್ಟು ಕಡಿಮೆಯಾಗಿತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಂಡುಬರಲಿಲ್ಲ. ಆರೋಗ್ಯವಂತರು ಸಹಜವಾಗಿಯೇ ಹೆಚ್ಚು ನಡೆಯುವುದುಂಟು. ಆದ್ದರಿಂದ ಫಲವೆಲ್ಲವೂ ನಡಿಗೆಯೊಂದರದೇ ಎನ್ನಲಾಗದು. ಆದರೂ ಅಲ್ಪ ನಡಿಗೆ ವ್ಯರ್ಥವೆಂಬ ಭಾವನೆ ತಪ್ಪೆಂಬುದು ಇದರಿಂದ ಸ್ಪಷ್ಟ.

ಶಂಕೆ: ಯಂತ್ರದ ಲೆಕ್ಕ ಸದಾ ಸರಿಯೇ?

ಸಮಾಧಾನ: ಅಲ್ಲ. ಅದು ಕೈಯ ಚಲನೆಯಿಂದ ಹೆಜ್ಜೆಯನ್ನು ಊಹಿಸುತ್ತದೆ. ಕಾಲೆಳೆದು ನಿಧಾನವಾಗಿ ನಡೆಯುವವರ ಅಥವಾ ಆಸರೆಯ ಚೌಕಟ್ಟನ್ನು ಹಿಡಿದು ನಡೆಯುವವರ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಚರ್ಮದ ಮೇಲೆ ಹಸಿರು ಬೆಳಕನ್ನು ಹಾಯಿಸಿ ನಾಡಿಯನ್ನು ಅಳೆಯುವಾಗಲೂ ಪಟ್ಟಿ ಸಡಿಲವಾಗಿದ್ದರೆ ಲೆಕ್ಕ ತಪ್ಪುತ್ತದೆ.

ಶಂಕೆ: ಬಳಸುವ ಕ್ರಮ ಯಾವುದು?

ಸಮಾಧಾನ: ಮೊದಲ ವಾರ ನಿತ್ಯದಂತೆಯೇ ನಡೆದು, ಪ್ರತಿದಿನದ ಸಂಖ್ಯೆಯನ್ನು ಬರೆದು ಸರಾಸರಿ ತೆಗೆಯಬೇಕು. ಅದು 2,500 ಆದರೆ ಮುಂದಿನ ಗುರಿ 3,000. ಅದು ಅಭ್ಯಾಸವಾದ ಮೇಲೆ 3,500. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬೀಳದಂತೆ ಕಾಯುವ ಈ ಅಭ್ಯಾಸ ಹೆಜ್ಜೆಗಳ ಲೆಕ್ಕದಲ್ಲಿ ಕಾಣಿಸದು. ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ಯಂತ್ರವು ಏನನ್ನೇ ತೋರಿಸಲಿ, ನಡಿಗೆಯನ್ನು ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.

ತಾತ್ಪರ್ಯ: ಹಿರಿಯರು ತಮ್ಮ ಹೆಜ್ಜೆಗಳನ್ನು ನೆರೆಯವರ ಲೆಕ್ಕದೊಡನೆ ಹೋಲಿಸದೆ ತಮ್ಮದೇ ಕಳೆದ ವಾರದ ಲೆಕ್ಕದೊಡನೆ ಹೋಲಿಸತಕ್ಕದ್ದು. ಮನೆಯವರೂ ಸಂಖ್ಯೆಯನ್ನು ಕೇಳುವ ಮೊದಲು ದೇಹಸ್ಥಿತಿಯನ್ನು ವಿಚಾರಿಸತಕ್ಕದ್ದು.