ದೂರಿನೊಳಗಿನ ಭರವಸೆ: ಚಿನ್ನದ ಗಣಿ ಪ್ರದೇಶದಲ್ಲಿ ಕೀರ್ತನೆಗಳ ಓದು

ಸತ್ಯವೇದದ ಹಳೆಯ ಒಡಂಬಡಿಕೆಗೆ ಸೇರಿದ ಕೀರ್ತನೆಗಳ ಗ್ರಂಥವು 150 ಪ್ರಾರ್ಥನಾಗೀತೆಗಳ ಸಂಗ್ರಹ. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸ್ತುತಿಗೀತೆಗಳಲ್ಲ, ದೇವರ ಮುಂದೆ ಇಟ್ಟ ಅಳಲು, ಮೊರೆ ಮತ್ತು ದೂರುಗಳು. ಇವನ್ನು ವಿದ್ವಾಂಸರು ಪ್ರಲಾಪ ಕೀರ್ತನೆಗಳೆಂದು ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೀರ್ತನೆಗಳನ್ನು ಅವುಗಳ ಪ್ರಕಾರಕ್ಕೆ ತಕ್ಕಂತೆ ವಿಂಗಡಿಸಿದ ಜರ್ಮನಿಯ ಹರ್ಮನ್ ಗುಂಕೆಲ್, ಇಡೀ ಗ್ರಂಥದಲ್ಲಿ ಹೆಚ್ಚು ಸಂಖ್ಯೆಯಲ್ಲಿರುವುದು ಒಬ್ಬೊಂಟಿಯಾಗಿ ಮೊರೆಯಿಡುವವನ ಹಾಡೇ ಎಂಬುದನ್ನು ಎತ್ತಿ ತೋರಿಸಿದರು. ದೇವರು ನಂಬಿಗಸ್ತನು, ಅಂದರೆ ಕೊಟ್ಟ ಮಾತನ್ನು ತಪ್ಪದವನು ಎಂಬ ನಿಲುವು ಈ ಗ್ರಂಥದ ಬೆನ್ನೆಲುಬಾಗಿದ್ದರೂ, ಆ ನಿಲುವನ್ನು ಗ್ರಂಥ ಸಾರುವುದು ನೆಮ್ಮದಿಯ ದಿನಗಳಲ್ಲಿ ಮಾತ್ರವಲ್ಲ. ಅದು ಸುಳ್ಳಾಯಿತೇನೋ ಎಂಬ ಅನುಮಾನ ಗಟ್ಟಿಯಾದ ಹೊತ್ತಿನಲ್ಲೇ ಅದನ್ನು ಹೆಚ್ಚು ಜೋರಾಗಿ ಎತ್ತಿ ಹಿಡಿಯುತ್ತದೆ. ಈ ವೈಚಿತ್ರ್ಯದ ಅರ್ಥ ಪುಸ್ತಕದ ಓದಿನಿಂದ ತಿಳಿಯುವುದಕ್ಕಿಂತ ಹೆಚ್ಚಾಗಿ, ಬದುಕಿನ ಆಸರೆ ಒಮ್ಮೆಗೇ ಕುಸಿದ ಸಮುದಾಯಗಳ ಅನುಭವದಿಂದ ತಿಳಿಯುತ್ತದೆ. ಕರ್ನಾಟಕದಲ್ಲಿ ಅಂಥ ಅನುಭವ ದಟ್ಟವಾಗಿರುವ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶ ಮುಖ್ಯವಾದುದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಬಂದ ಈ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮವಾದವು. ಕೊನೆಯವರೆಗೆ ಉಳಿದ ಮೂರು ಗಣಿಗಳು ನಂದಿದುರ್ಗ, ಮೈಸೂರು ಮತ್ತು ಚಾಂಪಿಯನ್ ರೀಫ್. ಇವುಗಳಲ್ಲಿ ಚಾಂಪಿಯನ್ ರೀಫ್ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಕಾರ್ಮಿಕರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ದಲಿತ ಕುಟುಂಬಗಳವರು. ಅವರಲ್ಲಿ ಗಣನೀಯ ಸಂಖ್ಯೆಯವರು ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಭೆಗಳಿಗೆ ಸೇರಿದವರು. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಈ ಊರಿನಲ್ಲಿ ಒಂದೇ ಲೈನಿನ, ಅಂದರೆ ಕಂಪನಿ ಕಟ್ಟಿಸಿದ ಒಂದೇ ಸಾಲಿನ ಮನೆಗಳಲ್ಲಿ, ಅದೇ ಪ್ರಾರ್ಥನೆ ಒಂದು ಮನೆಯಲ್ಲಿ ಕೀರ್ತನೆ ಎನಿಸಿಕೊಂಡು ಪಕ್ಕದ ಮನೆಯಲ್ಲಿ ಸಂಗೀದಂ ಎನಿಸಿಕೊಳ್ಳುತ್ತದೆ. ಮನೆ, ನೀರು, ದೀಪ, ಆಸ್ಪತ್ರೆ, ಮಕ್ಕಳ ಶಾಲೆ ಇವೆಲ್ಲ ಗಣಿಯ ಜೊತೆಗೇ ಬರುತ್ತಿದ್ದವು. ಆದ್ದರಿಂದ ಗಣಿ ನಿಂತಾಗ ನಿಂತದ್ದು ಸಂಬಳವೊಂದೇ ಅಲ್ಲ.

ಗಣಿ ನಿಂತ ದಿನ 2001ರ ಫೆಬ್ರುವರಿ 28. ಅಂದು ಬುಧವಾರ, ಆ ವರ್ಷದ ಈಸ್ಟರ್ ಏಪ್ರಿಲ್ 15ಕ್ಕೆ ಬಿದ್ದಿದ್ದರಿಂದ, ಕ್ರೈಸ್ತ ಪಂಚಾಂಗದ ಪ್ರಕಾರ ಅದು ಬೂದಿ ಬುಧವಾರವೂ ಆಗಿತ್ತು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆರಂಭವಾಗುವ ಈ ದಿನ, ಹಣೆಗೆ ಬೂದಿ ಹಚ್ಚಿಸಿಕೊಂಡು ಮನುಷ್ಯನು ಮಣ್ಣಿನವನೆಂಬುದನ್ನು ನೆನೆಯುವ ಪದ್ಧತಿಯಿದೆ; ಆ ದಿನಕ್ಕೆ ಗೊತ್ತಾದ ಓದು 51ನೆಯ ಕೀರ್ತನೆ, ದಾವೀದನು ಬತ್ಷೆಬೆಯ ವಿಷಯದಲ್ಲಿ ಮಾಡಿದ ತಪ್ಪಿಗಾಗಿ ಮರುಗಿ ಹಾಡಿದ್ದೆಂದು ಶೀರ್ಷಿಕೆಯಿರುವ ಪಶ್ಚಾತ್ತಾಪದ ಗೀತೆ. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡ ದಿನ ಅವರ ಸಭೆಗಳ ಪಾಲಿಗೆ ಬಂದ ಪ್ರಾರ್ಥನೆ ತಪ್ಪೊಪ್ಪಿಗೆಯದಾಗಿತ್ತೆಂಬುದು ಪಂಚಾಂಗದ ಆಕಸ್ಮಿಕವಷ್ಟೇ. ಆದರೂ ಮುಂದಿನ ವರ್ಷಗಳಲ್ಲಿ ಈ ಪ್ರದೇಶದ ಭಕ್ತರು ಎದುರಿಸಿದ ತೊಡಕೆಲ್ಲ ಆ ಆಕಸ್ಮಿಕದಲ್ಲಿ ಅಡಗಿದೆ.

ಕಷ್ಟ ಬಂದಾಗ ಅದಕ್ಕೆ ಕಾರಣವಾದ ಪಾಪವನ್ನು ಹುಡುಕುವುದು ಎಲ್ಲ ಧರ್ಮಗಳ ಸಾಮಾನ್ಯ ಭಕ್ತರಲ್ಲಿ ರೂಢಿಯಾಗಿರುವ ಮನೋಭಾವ. ಕುಡಿತ, ಸಾಲ, ಭಾನುವಾರದ ಆರಾಧನೆಗೆ ತಪ್ಪಿಸಿಕೊಳ್ಳುವುದು, ಹೀಗೆ ಗಣಿ ಊರುಗಳ ಮೇಲೆ ಹೊರಿಸಲು ಸಿದ್ಧವಾಗಿರುವ ದೋಷಗಳ ಪಟ್ಟಿ ಚಿಕ್ಕದೇನಲ್ಲ, ಬೋಧಕರಿಗೆ ಅದು ಕೈಗೆ ಸುಲಭವಾಗಿಯೂ ಸಿಗುತ್ತದೆ. ಆದರೆ ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದದ್ದಕ್ಕೂ, ಆಳದಿಂದ ಕಲ್ಲೆತ್ತುವ ಖರ್ಚು ಏರಿದ್ದಕ್ಕೂ, ಉದ್ಯಮ ರೋಗಗ್ರಸ್ತವೆಂದು ಘೋಷಿತವಾದದ್ದಕ್ಕೂ ಯಾವ ಕಾರ್ಮಿಕನ ಕುಡಿತವೂ ಕಾರಣವಲ್ಲ. 51ನೆಯ ಕೀರ್ತನೆ ಮಹತ್ತರವಾದ ಪ್ರಾರ್ಥನೆ, ನಿಜ. ಆದರೆ ತಪ್ಪು ಮಾಡಿದವನ ಬಾಯಿಗೆ ಬರೆದದ್ದನ್ನು ತಪ್ಪು ಮಾಡದವನ ಬಾಯಿಗೆ ತುರುಕಿದರೆ ಅದು ಪ್ರಾರ್ಥನೆಯಾಗಿ ಉಳಿಯದೆ ಎರಡನೆಯ ಶಿಕ್ಷೆಯಾಗುತ್ತದೆ. ಈ ಭಾಗದ ಸಭೆಗಳ ಅನುಭವ ಕಲಿಸಿದ ಮೊದಲ ಪಾಠ ಇದು, ಮತ್ತು ಇದನ್ನು ಕಲಿಯಲು ಬಹಳ ವರ್ಷ ಹಿಡಿಯಿತು.

ಆ ಹೊತ್ತಿಗೆ ಬೇಕಾಗಿದ್ದದ್ದು 44ನೆಯ ಕೀರ್ತನೆ. ಅದು ಒಬ್ಬನ ಹಾಡಲ್ಲ, ಸೋತು ಚೆದರಿದ ಜನಾಂಗದ ಹಾಡು. ಪೂರ್ವಿಕರ ಕಾಲದಲ್ಲಿ ದೇವರು ಮಾಡಿದ ಉಪಕಾರಗಳನ್ನು ತಂದೆಗಳ ಬಾಯಿಂದ ಕೇಳಿದ್ದೇವೆ ಎಂದು ಆರಂಭವಾಗುವ ಅದು, ಈಗ ನಮ್ಮನ್ನು ಅಗ್ಗದ ಬೆಲೆಗೆ ಕೊಟ್ಟುಬಿಟ್ಟೆ ಎಂಬ ನೇರ ಆಪಾದನೆಗೆ ಹೊರಳುತ್ತದೆ. ಅಷ್ಟಕ್ಕೇ ನಿಲ್ಲದೆ, ನಾವು ನಿನ್ನನ್ನು ಮರೆತವರಲ್ಲ, ಒಡಂಬಡಿಕೆಗೆ ಎರಡು ಬಗೆದವರಲ್ಲ ಎಂದು ತನ್ನ ನಿರಪರಾಧಿತ್ವವನ್ನು ಸಾಧಿಸಿ, ಕಡೆಗೆ ನಿದ್ರಿಸುವವನನ್ನು ಎಬ್ಬಿಸುವ ಧಾಟಿಯಲ್ಲಿ ದೇವರನ್ನು ಕೂಗುತ್ತದೆ. ಒಡಂಬಡಿಕೆ ಎಂದರೆ ಇಲ್ಲಿ ದೇವರು ಮತ್ತು ಜನರ ನಡುವೆ ಇಬ್ಬರನ್ನೂ ಕಟ್ಟುವ ಕರಾರು. ಕರಾರಿನ ಒಂದು ಪಕ್ಷದವನು ಇನ್ನೊಂದು ಪಕ್ಷದವನನ್ನು ಅದರ ಹೆಸರಿನಲ್ಲಿ ಕೇಳಬಹುದು ಎಂಬ ಧೈರ್ಯ ಈ ಕೀರ್ತನೆಯ ಉಸಿರು. ದೇವರಿಗೆ ಹೀಗೆ ಮಾತಾಡುವುದು ಅವಿಶ್ವಾಸ ಎಂದು ತಿಳಿದವರಿಗೆ ಅಪೊಸ್ತಲನಾದ ಪೌಲನು ಬೇರೆ ಉತ್ತರ ಕೊಡುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, ದೇವರ ಪ್ರೀತಿಯಿಂದ ನಮ್ಮನ್ನು ಯಾವುದೂ ಅಗಲಿಸಲಾರದೆಂದು ಸಾರುವ ಭಾಗದ ನಟ್ಟನಡುವೆ ಅವನು ಇದೇ 44ನೆಯ ಕೀರ್ತನೆಯ ದೂರನ್ನು ಎತ್ತಿ ಬರೆದಿದ್ದಾನೆ. ದೂರನ್ನು ಅಳಿಸಿ ಭರವಸೆಯನ್ನು ಬರೆಯಲಿಲ್ಲ, ದೂರನ್ನು ಇಟ್ಟುಕೊಂಡೇ ಬರೆದ.

ದೇವರ ನಂಬಿಗಸ್ತಿಕೆಯನ್ನೇ ನೇರವಾಗಿ ವಿಷಯವಾಗಿಸಿಕೊಂಡ 89ನೆಯ ಕೀರ್ತನೆಯ ಕಟ್ಟಡವೂ ಇಂಥದೇ. ದಾವೀದನ ವಂಶ ಎಂದೆಂದಿಗೂ ನಿಲ್ಲುವುದೆಂಬ ವಾಗ್ದಾನವನ್ನು ಮೊದಲ 37 ವಚನಗಳಲ್ಲಿ ಎಲ್ಲ ಬೆಡಗಿನಿಂದ ಹಾಡಿ, 38ನೆಯ ವಚನದಿಂದ ಆ ಸಿಂಹಾಸನ ನೆಲಕ್ಕುರುಳಿದ ಸಂಗತಿಯನ್ನು ಅದೇ ದೇವರಿಗೆ ಒಪ್ಪಿಸುತ್ತದೆ. ಓದುವವನಿಗೆ ಸಮಾಧಾನದ ಸೇತುವೆಯನ್ನೇನೂ ಕವಿ ಕಟ್ಟಿಲ್ಲ. ಕೊನೆಯಲ್ಲಿ ಬರುವ ಒಂದು ವಚನದ ಸ್ತುತಿಯೂ ಕೀರ್ತನೆಗಳ ಮೂರನೆಯ ಭಾಗದ ಮುಕ್ತಾಯವನ್ನು ಗುರುತಿಸುವ ಪದ್ಧತಿಯ ಮಾತು. ವಾಗ್ದಾನವೂ ನಿಜ, ಕುಸಿತವೂ ನಿಜ, ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಹಿಡಿದಿರುವುದೇ ನಂಬಿಕೆ ಎಂಬ ಗಂಭೀರ ನಿಲುವು ಇದರದು.

ಜನಸಾಮಾನ್ಯರ ಭಕ್ತಿಯಲ್ಲಿ ಕೀರ್ತನೆಗಳು ಬದುಕುವ ಬಗೆ ಇದಕ್ಕಿಂತ ಬೇರೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷದ ವಾಗ್ದಾನ ವಚನದ ಚೀಟಿಯನ್ನು ಎತ್ತಿಕೊಳ್ಳುವ ಪದ್ಧತಿ ದಕ್ಷಿಣ ಭಾರತದ ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿದೆ. ಮನೆಗೆ ತಂದ ಚೀಟಿ ಕ್ಯಾಲೆಂಡರಿನ ಪಕ್ಕದಲ್ಲೋ ಗಾಜಿನ ಚೌಕಟ್ಟಿನೊಳಗೋ ವರ್ಷವಿಡೀ ಇರುತ್ತದೆ. ಅದರಲ್ಲಿ ಧೈರ್ಯ ತುಂಬುವ 23, 91, 121ನೆಯ ಕೀರ್ತನೆಗಳ ಸಾಲು ಬರುವುದುಂಟು, 44ರ ಸಾಲೋ ಕತ್ತಲೆಯಲ್ಲೇ ಮುಗಿಯುವ 88ರ ಸಾಲೋ ಬಂದದ್ದನ್ನು ಯಾರೂ ಕಂಡಿರಲಾರರು. ಚೀಟಿ ತಯಾರಿಸುವವರನ್ನು ಇದಕ್ಕಾಗಿ ದೂರುವಂತಿಲ್ಲ. ಹೊಸ ವರ್ಷದ ಬೆಳಗ್ಗೆ ಮಕ್ಕಳ ಕೈಗೆ ಕತ್ತಲೆಯ ಸಾಲನ್ನು ಕೊಡುವ ಧೈರ್ಯ ಯಾರಿಗಿದ್ದೀತು? ಆದರೂ ಬಿಡಿಸಿ ತೆಗೆದ ವಚನವೇ ಇಡೀ ಗ್ರಂಥವೆಂದು ನಂಬಿದವನಿಗೆ, ವಚನ ಈಡೇರದ ವರ್ಷದಲ್ಲಿ ಹೋಗಲು ಜಾಗವಿರುವುದಿಲ್ಲ.

ಇನ್ನೊಂದು ತೊಡಕು ನೆನಪಿನದು. 77ನೆಯ ಕೀರ್ತನೆಯಲ್ಲಿ ನಿದ್ರೆ ಬಾರದ ಭಕ್ತನು, ದೇವರ ಕರುಣೆ ಮುಗಿದುಹೋಯಿತೇ ಎಂದು ಕೇಳುತ್ತ ಕೇಳುತ್ತ, ಇಸ್ರಾಯೇಲ್ಯರನ್ನು ಸಮುದ್ರದ ನಡುವೆ ನಡೆಸಿದ ಹಳೆಯ ಘಟನೆಯನ್ನು ಬೇಕೆಂದೇ ನೆನಪಿಗೆ ತಂದುಕೊಳ್ಳುತ್ತಾನೆ. ಭರವಸೆ ಅವನಿಗೆ ತಾನಾಗಿ ಬರುವುದಿಲ್ಲ, ನೆನೆಯುವ ಕೆಲಸದಿಂದ ಬರುತ್ತದೆ. ಗಣಿ ಊರಿನಲ್ಲೂ ನೆನಪಿಗೆ ಬರವಿಲ್ಲ. 1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೇಲೆ ಬಂದ ವಿದ್ಯುತ್ತು, ಊರಿಗಿದ್ದ ಲಿಟಲ್ ಇಂಗ್ಲೆಂಡ್ ಎಂಬ ಅಡ್ಡಹೆಸರು, ಕ್ಲಬ್ಬು, ಬ್ಯಾಂಡು, ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದ ಪಾಳಿಯ ಸೈರನ್ನು, ಹೀಗೆ ಹಿರಿಯರ ಮಾತು ಎಲ್ಲಿಂದ ಹೊರಟರೂ ಅಲ್ಲಿಗೇ ತಲಪುತ್ತದೆ. ಆದರೆ ಇದು ಕಂಪನಿಯ ಉಪಕಾರಗಳ ನೆನಪು, ಮತ್ತು ಅದರ ಹಿಂದೆ ಕೆಲಸದಲ್ಲಿ ಸತ್ತವರ, ರಾಕ್ ಬರ್ಸ್ಟ್ ಎಂದರೆ ಒತ್ತಡದಿಂದ ಬಂಡೆ ಸಿಡಿದು ಸುರಂಗ ಮುಚ್ಚಿದಾಗ ಸಿಕ್ಕಿಕೊಂಡವರ, 1946ರ ನವೆಂಬರಿನಲ್ಲಿ ಕಾರ್ಮಿಕರ ಮೇಲೆ ನಡೆದ ಗೋಲಿಬಾರಿನಲ್ಲಿ ಬಿದ್ದವರ ನೆನಪು ಮಸುಕಾಗುತ್ತದೆ. ಪ್ರಭುಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಎಚ್ಚರಿಸುವ 146ನೆಯ ಕೀರ್ತನೆ ಇಲ್ಲಿ ಚುಚ್ಚುತ್ತದೆ. ಕಂಪನಿ ಎಲ್ಲವನ್ನೂ ಕೊಡುತ್ತಿದ್ದ ಕಾಲದಲ್ಲಿ ದೇವರ ನಂಬಿಗಸ್ತಿಕೆ ಎಂದು ಅನೇಕರು ಹಾಡಿದ್ದು ಎಷ್ಟರಮಟ್ಟಿಗೆ ಕಂಪನಿಯ ನಂಬಿಗಸ್ತಿಕೆಯಾಗಿತ್ತು ಎಂಬುದು ಕಂಪನಿ ಹೋದ ಮೇಲಷ್ಟೇ ಕಾಣಿಸಿತು. ಕಹಿಯಾದ ಮಾತೇ, ಆದರೆ ಇದನ್ನು ಒಪ್ಪಿಕೊಂಡವರ ಪ್ರಾರ್ಥನೆ ಮುಂದೆ ಹಗುರವಾದದ್ದುಂಟು.

ಗಣಿ ಊರು ಮತ್ತು ಕೀರ್ತನೆಗಳ ಮಾತು ಬಂದಾಗ ಹೊರಗಿನ ಬೋಧಕರು ಮೊದಲು ಎತ್ತಿಕೊಳ್ಳುವುದು ಆಳದಿಂದ ಮೊರೆಯಿಡುವ 130ನೆಯ ಕೀರ್ತನೆಯನ್ನು. ಆ ಹೋಲಿಕೆ ಸುಲಭ, ಆದರೆ ಪೂರ್ತಿ ಸರಿಯಲ್ಲ. ಕವಿಯ ಆಳ ನೀರಿನದು, ಬಂಡೆಯದಲ್ಲ. ಗಣಿ ಕೆಲಸವನ್ನೇ ವರ್ಣಿಸುವ ಭಾಗ ಸತ್ಯವೇದದಲ್ಲಿ ಬೇರೆಯೇ ಇದೆ, ಅದು ಯೋಬನ ಗ್ರಂಥದ 28ನೆಯ ಅಧ್ಯಾಯ. (ಪಂಪುಗಳು ನಿಂತ ಮೇಲೆ ಶಾಫ್ಟುಗಳೊಳಗೆ, ಅಂದರೆ ಗಣಿಗಿಳಿಯುವ ನೇರ ಬಾವಿಗಳೊಳಗೆ, ನೀರು ತುಂಬಿಕೊಂಡದ್ದರಿಂದ 130ನೆಯ ಕೀರ್ತನೆಯ ಹೋಲಿಕೆ ಈಗ ಮೊದಲಿಗಿಂತ ಹೆಚ್ಚು ಸಲ್ಲುತ್ತದೆ ಎನ್ನಬಹುದು.) ಕೆಲಸದಲ್ಲಿದ್ದ ಗಣಿಗಾರನು ಆಳವನ್ನು ಸಂಕಟದ ಜಾಗವೆಂದು ಮಾತ್ರ ಕಂಡವನಲ್ಲ, ಅದು ಅವನ ಅನ್ನದ ಜಾಗ, ಕೌಶಲದ ಜಾಗ. ಸಂಕಟ ಇದ್ದದ್ದು ಮೇಲೆ, ಇಳಿಯಲು ಕೇಜು, ಅಂದರೆ ಗಣಿಯ ಲಿಫ್ಟು, ಇಲ್ಲದ ಬೆಳಗುಗಳಲ್ಲಿ.

130ನೆಯ ಕೀರ್ತನೆಯ ಕೊನೆಯ ಭಾಗದಲ್ಲಿ ಬರುವ ಇನ್ನೊಂದು ಚಿತ್ರ ಇಲ್ಲಿನವರಿಗೆ ಹೆಚ್ಚು ಹತ್ತಿರ, ಅದು ಬೆಳಗಾಗುವುದನ್ನು ಕಾಯುವ ಕಾವಲುಗಾರನದು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ನಸುಕಿನ ರೈಲುಗಳೇ ಊರಿನ ಜೀವನಾಡಿಯಾದವು, ಮತ್ತು ಆ ರೈಲು ಹತ್ತಿದ ಮಾಜಿ ಕಾರ್ಮಿಕರಲ್ಲಿ ಎಷ್ಟೋ ಮಂದಿ ಸೇರಿದ್ದು ಅಪಾರ್ಟ್‌ಮೆಂಟು, ಕಚೇರಿ, ಎಟಿಎಂಗಳ ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ. ರಾತ್ರಿ ಪಾಳಿಯ ಗಾರ್ಡಿನ ಕಾಯುವಿಕೆಗೆ ಒಂದು ವಿಶೇಷವಿದೆ. ಬೆಳಗಾಗುತ್ತದೆಯೋ ಇಲ್ಲವೋ ಎಂಬ ಶಂಕೆ ಅವನಿಗಿಲ್ಲ, ಬೆಳಗನ್ನು ಒಂದು ನಿಮಿಷ ಮುಂಚೆ ತರುವ ಶಕ್ತಿಯೂ ಇಲ್ಲ. ಪ್ಲಾಸ್ಟಿಕ್ ಕುರ್ಚಿ, ಸೊಳ್ಳೆ, ತಣ್ಣಗಾದ ಚಹಾ, ಗಂಟೆಗೊಮ್ಮೆ ಸಹಿ ಹಾಕಬೇಕಾದ ರಿಜಿಸ್ಟರು ಇಷ್ಟರ ನಡುವೆ ಅವನು ಎಚ್ಚರವಾಗಿರಬೇಕು, ಅಷ್ಟೇ. ದೇವರ ನಂಬಿಗಸ್ತಿಕೆಯಲ್ಲಿ ಭರವಸೆಯಿಡುವುದೆಂದರೆ ಏನು ಎಂಬುದಕ್ಕೆ ಯಾವ ಉಪದೇಶಕ್ಕಿಂತಲೂ ಈ ಕೆಲಸ ಹತ್ತಿರದ ವಿವರಣೆ. ಮನೆಯನ್ನೂ ಪಟ್ಟಣವನ್ನೂ ದೇವರು ಕಾಯದಿದ್ದರೆ ಕಾವಲು ವ್ಯರ್ಥ, ನಸುಕಿಗೆ ಏಳುವುದೂ ವ್ಯರ್ಥ ಎನ್ನುವ 127ನೆಯ ಕೀರ್ತನೆ ಮಾತ್ರ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟುವವರಿಗೆ ಅಷ್ಟು ಸುಲಭವಾಗಿ ಹಿಡಿಸುವುದಿಲ್ಲ.

ಪ್ರಲಾಪ ಕೀರ್ತನೆಗಳಲ್ಲಿ ಹೆಚ್ಚಿನವು ಮೊರೆಯಿಂದ ಹೊರಟು ಸ್ತುತಿಯಲ್ಲಿ ಮುಗಿಯುತ್ತವೆ. 88ನೆಯದು ಹಾಗೆ ಮುಗಿಯದೆ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದರ ಬೆಲೆ ತಿಳಿಯುವುದು ಸಿಲಿಕೋಸಿಸ್ ರೋಗಿಗಳಿರುವ ಮನೆಗಳಲ್ಲಿ. ಕೊರೆದ ಕಲ್ಲಿನ ಸೂಕ್ಷ್ಮ ಧೂಳು ವರ್ಷಗಟ್ಟಲೆ ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುವ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ, ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಲ್ಲದು. ಕೀರ್ತನೆಯ ವಚನ ಸಾಮಾನ್ಯವಾಗಿ ಎರಡು ಅರೆಗಳಾಗಿ ಒಡೆದಿರುತ್ತದೆ, ಮೊದಲ ಅರೆ ಹೇಳಿದ್ದನ್ನು ಎರಡನೆಯದು ಬೇರೆ ಮಾತಿನಲ್ಲಿ ಹೇಳುತ್ತದೆ ಅಥವಾ ಮುಂದುವರಿಸುತ್ತದೆ. ಮನೆ ಪ್ರಾರ್ಥನೆಯಲ್ಲಿ ಇಂಥ ರೋಗಿಯ ಸರದಿ ಬಂದಾಗ ಮೊದಲ ಅರೆಯಾದ ಮೇಲೆ ಅವನು ನಿಲ್ಲುತ್ತಾನೆ, ಉಸಿರು ತಿರುಗುವವರೆಗೆ ಉಳಿದವರೂ ಪುಟದ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ, ಅನಂತರ ಎರಡನೆಯ ಅರೆ ಬರುತ್ತದೆ. ಅಲ್ಲಿ ಎಲ್ಲವೂ ಒಳ್ಳೆಯದಕ್ಕೇ ಎಂಬ ಮಾತು ಸಲ್ಲುವುದಿಲ್ಲ. ಉತ್ತರ ಬಾರದೆಯೂ ಮಾತು ನಿಲ್ಲಿಸದ 88 ಸಲ್ಲುತ್ತದೆ, ಏಕೆಂದರೆ ಆ ಕೀರ್ತನೆಯ ಭಕ್ತ ತನ್ನ ಕತ್ತಲೆಯನ್ನೂ ಬೇರೆ ಯಾರಿಗೂ ಹೇಳದೆ ದೇವರಿಗೇ ಹೇಳುತ್ತಾನೆ.

ದೂರು ದೇವರ ಮುಂದೆ ಮಾತ್ರ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಗಣಿ ಮುಚ್ಚಿದ್ದರ ವಿರುದ್ಧ, ಬಾಕಿಗಾಗಿ, ವಾಸದ ಮನೆಗಳ ಹಕ್ಕಿಗಾಗಿ ಕಾರ್ಮಿಕ ಸಂಘಗಳು ನ್ಯಾಯಾಲಯಗಳಲ್ಲೂ ಬೀದಿಯಲ್ಲೂ ವರ್ಷಗಟ್ಟಲೆ ಹೋರಾಡಿವೆ. ದೇವರನ್ನೇ ಪ್ರಶ್ನಿಸಲು ಕಲಿತವರಿಗೆ ಅಧಿಕಾರಿಗಳನ್ನು ಪ್ರಶ್ನಿಸುವುದು ಕಷ್ಟವಾಗಲಿಲ್ಲವೇನೋ. ಈಗಿನ ತೊಂದರೆ ಬೇರೆ. ಮಕ್ಕಳು ಓದಿ ಬೆಂಗಳೂರಿನಲ್ಲೇ ನೆಲೆಸಿ, ಪರದೆಯ ಮೇಲೆ ಸಾಲು ಮೂಡಿಸಿ ಗಿಟಾರಿನೊಡನೆ ಹಾಡುವ ಹೊಸ ಸಭೆಗಳಿಗೆ ಸೇರುತ್ತಿದ್ದಾರೆ, ಮತ್ತು ಅಲ್ಲಿ ಹಾಡುವುದೆಲ್ಲ ಬಹುಮಟ್ಟಿಗೆ ಸ್ತುತಿಯೇ. ಅವರು ಊರಿನಿಂದ 23ನೆಯ ಕೀರ್ತನೆಯನ್ನಷ್ಟೇ ಒಯ್ದು 44 ಮತ್ತು 88ನ್ನು ಲೈನ್ ಮನೆಗಳಲ್ಲೇ ಬಿಟ್ಟುಹೋದರೆ, ಕಂಪನಿಯಿಂದ ಕೆಲಸ ಹೋಯಿತೆಂಬ ಇಮೇಲ್ ಬಂದ ದಿನ ಅವರೂ 51ನೆಯದನ್ನೇ ಹುಡುಕಿಕೊಂಡು ತಮ್ಮ ತಪ್ಪೇನೆಂದು ಎಣಿಸುತ್ತ ಕೂರಬೇಕಾಗುತ್ತದೆ.