ಬೇಲಿ ನೋಡಿ ಬರೋಣ ಬನ್ನಿ

ನಾವು ಜಾತ್ರೆಗೆ ಹೋಗುತ್ತೇವೆ. ಗುಡಿ ನೋಡುತ್ತೇವೆ. ಜೋಗದ ಗುಂಡಿ, ಹಂಪಿ ನೋಡಿ ಬರುತ್ತೇವೆ. ಆದರೆ ದುಡ್ಡು ಕೊಟ್ಟು ಬೇಲಿ ನೋಡಲು ಯಾರಾದರೂ ಹೋಗುತ್ತಾರಾ?

ಹೋಗುತ್ತಾರೆ! ಆ ಬೇಲಿ ಇರುವುದು ಕೊರಿಯಾದಲ್ಲಿ. ದೇಶ ದೇಶದ ಜನ ಅದನ್ನು ನೋಡಲು ಬರುತ್ತಾರೆ. ಈ ಪಾಠದಲ್ಲಿ ನಾವೂ ನೋಡಿ ಬರೋಣ. ಬಸ್ ಚಾರ್ಜು ಬೇಡ. ಓದಲು ಬಂದರೆ ಸಾಕು.

ಒಂದು ಮನೆ, ಎರಡು ಪಾಲು

ಕೊರಿಯಾ ನಮ್ಮಿಂದ ಪೂರ್ವಕ್ಕೆ ಬಲು ದೂರ. ಚೀನಾ, ಜಪಾನ್ ಅದರ ನೆರೆಯ ದೇಶಗಳು. ಅಲ್ಲಿಯವರೂ ನಮ್ಮ ಹಾಗೆ ಭತ್ತ ಬೆಳೆಯುತ್ತಾರೆ, ಅನ್ನ ಉಣ್ಣುತ್ತಾರೆ. ಅವರೆಲ್ಲರ ಮಾತು ಒಂದೇ.

1910ರಿಂದ 1945ರವರೆಗೆ ಜಪಾನ್ ಅವರನ್ನು ಆಳಿತು. 1945ರಲ್ಲಿ ಜಪಾನ್ ಯುದ್ಧದಲ್ಲಿ ಸೋತಿತು. ಆಗ ಉತ್ತರ ಭಾಗಕ್ಕೆ ಸೋವಿಯತ್ ರಷ್ಯಾದ ಸೈನ್ಯ ಬಂತು. ದಕ್ಷಿಣಕ್ಕೆ ಅಮೆರಿಕದ ಸೈನ್ಯ ಬಂತು. ನಡುವೆ ಗೆರೆ ಎಳೆದರು. ಗೆರೆ ಎಳೆದವರು ಹೊರಗಿನವರು. ಪಾಲಾದವರು ಮನೆಯವರು.

1950ರ ಜೂನ್ 25ರಂದು ಉತ್ತರದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಮೂರು ವರ್ಷ ಯುದ್ಧ ನಡೆಯಿತು. ಲಕ್ಷ ಲಕ್ಷ ಜನ ಸತ್ತರು. 1953ರ ಜುಲೈ 27ರಂದು ಕದನ ವಿರಾಮ ಆಯಿತು. ಕದನ ವಿರಾಮ ಅಂದರೆ ಹೊಡೆದಾಟ ನಿಲ್ಲಿಸುವುದು, ಅಷ್ಟೇ. ರಾಜಿ ಆಯಿತು ಅಂತ ಅಲ್ಲ. ಶಾಂತಿ ಒಪ್ಪಂದಕ್ಕೆ ಇವತ್ತಿಗೂ ಸಹಿ ಬಿದ್ದಿಲ್ಲ.

ಗಡಿ ಎಂಥದು?

ಗಡಿಯ ಉದ್ದ ಸುಮಾರು 250 ಕಿಲೋಮೀಟರ್. ಬೆಂಗಳೂರಿನಿಂದ ದಾವಣಗೆರೆಗೆ ಹೆಚ್ಚುಕಡಿಮೆ ಅಷ್ಟೇ ದೂರ. ನಡುವೆ ಗೆರೆ. ಗೆರೆಯ ಆಚೆ 2 ಕಿಲೋಮೀಟರ್, ಈಚೆ 2 ಕಿಲೋಮೀಟರ್ ಜಾಗ ಬಿಟ್ಟಿದ್ದಾರೆ. ಇದಕ್ಕೆ ‘ಸೈನ್ಯವಿಲ್ಲದ ಪಟ್ಟಿ’ ಅಂತ ಹೆಸರು. ಹೆಸರು ಮಾತ್ರ ಹಾಗೆ! ಪಟ್ಟಿಯ ಎರಡೂ ಕಡೆ ಮುಳ್ಳುತಂತಿ, ಕಾವಲು ಗೋಪುರ, ಫಿರಂಗಿಗಳಿವೆ. ಮಣ್ಣಿನೊಳಗೆ ನೆಲಬಾಂಬುಗಳಿವೆ.

ಮನುಷ್ಯರು ಕಾಲಿಡದ ಕಡೆ ಕಾಡು ಬೆಳೆದಿದೆ. ಚಳಿಗಾಲದಲ್ಲಿ ಕೊಕ್ಕರೆಗಳು ಬರುತ್ತವೆ. ಹಕ್ಕಿಗೆ ಗಡಿ ಇಲ್ಲ, ನೋಡಿ.

ಬಸ್ಸು ಹತ್ತೋಣ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್. ಅಲ್ಲಿಂದ ಗಡಿ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಪ್ರವಾಸದ ಬಸ್ಸು ಹೊರಡುತ್ತದೆ. ಹೊರದೇಶದವರ ಕೈಯಲ್ಲಿ ಪಾಸ್‌ಪೋರ್ಟ್ ಇರಲೇಬೇಕು.

ಮೊದಲು ಇಮ್ಜಿಂಗಾಕ್ ಎಂಬ ಜಾಗ. ಅಲ್ಲಿ ತುಕ್ಕು ಹಿಡಿದ ಒಂದು ರೈಲು ಎಂಜಿನ್ ಇದೆ. ಅದರ ಮೈತುಂಬ ಸಾವಿರಕ್ಕೂ ಹೆಚ್ಚು ಗುಂಡಿನ ಗುರುತುಗಳು. ಪಕ್ಕದ ಬೇಲಿಗೆ ಜನ ಬಣ್ಣದ ಪಟ್ಟಿ ಕಟ್ಟಿದ್ದಾರೆ. ಶಾಂತಿ ಬರಲಿ, ನಮ್ಮವರು ಸಿಗಲಿ ಅಂತ ಅದರ ಮೇಲೆ ಬರೆದಿದ್ದಾರೆ. ಅಲ್ಲೇ ಒಂದು ಕಲ್ಲಿನ ಕಟ್ಟೆ ಇದೆ. ಉತ್ತರದಿಂದ ಬಂದು ಇಲ್ಲೇ ಉಳಿದವರು ಹಬ್ಬದ ದಿನ ಇಲ್ಲಿಗೆ ಬರುತ್ತಾರೆ. ಹುಟ್ಟೂರಿನ ಕಡೆ ಮುಖ ಮಾಡಿ ಹಿರಿಯರಿಗೆ ನಮಸ್ಕಾರ ಮಾಡುತ್ತಾರೆ. ಊರಿಗೆ ಹೋಗಿ ಎಡೆ ಇಡುವಂತಿಲ್ಲವಲ್ಲ!

ಮುಂದೆ ಇಮ್ಜಿನ್ ನದಿ, ಅದರ ಮೇಲೆ ಸೇತುವೆ. ಇಲ್ಲಿ ಸೈನಿಕರು ಪ್ರತಿಯೊಬ್ಬರ ಪಾಸ್‌ಪೋರ್ಟ್ ನೋಡುತ್ತಾರೆ. ಆಮೇಲೆ ಬಸ್ಸು ಒಳಗೆ ಹೋಗುತ್ತದೆ.

ಒಳಗೆ ಒಂದು ಸುರಂಗ ಇದೆ. ಉತ್ತರದವರು ಗುಟ್ಟಾಗಿ ತೋಡಿದ್ದು. 1978ರಲ್ಲಿ ದಕ್ಷಿಣದವರು ಕಂಡುಹಿಡಿದರು. ಉದ್ದ 1,635 ಮೀಟರ್. ತಲೆಗೆ ಹೆಲ್ಮೆಟ್ ಹಾಕಿ, ಬಗ್ಗಿ ನಡೆಯಬೇಕು. ಇದು ಕಲ್ಲಿದ್ದಲು ಗಣಿ ಅಂತ ಉತ್ತರದವರು ಹೇಳಿದರು. ಗೋಡೆಗೆ ಕರಿ ಬಳಿದಿದ್ದರು. ಆದರೆ ಅದು ಬರೀ ಗಟ್ಟಿ ಬಂಡೆ.

ಆಮೇಲೆ ದೋರಾ ಬೆಟ್ಟ. ಅಲ್ಲಿಂದ ದುರ್ಬೀನಿನಲ್ಲಿ ಉತ್ತರ ಕೊರಿಯಾ ಕಾಣುತ್ತದೆ. ಪಟ್ಟಿಯೊಳಗೆ ಎದುರುಬದುರು ಎರಡು ಊರುಗಳಿವೆ. ದಕ್ಷಿಣದವರು ತಮ್ಮ ಊರಲ್ಲಿ ಸುಮಾರು 100 ಮೀಟರ್ ಎತ್ತರದ ಬಾವುಟ ಕಂಬ ನೆಟ್ಟರು. ಉತ್ತರದವರು 160 ಮೀಟರ್ ಕಂಬ ನೆಟ್ಟರು! ದಕ್ಷಿಣದ ಆ ಊರಲ್ಲಿ ರೈತರು ಭತ್ತ ಬೆಳೆಯುತ್ತಾರೆ. ಕಂದಾಯ ಇಲ್ಲ. ಆದರೆ ರಾತ್ರಿ ಮನೆ ಬಿಟ್ಟು ಹೊರಗೆ ಬರುವಂತಿಲ್ಲ.

ಸಾವಿರದ ಒಂದು ದನ

ಹ್ಯುಂಡೈ ಕಾರು ನಮ್ಮ ರಸ್ತೆಯಲ್ಲೂ ಓಡುತ್ತದೆ. ಆ ಕಂಪನಿ ಕಟ್ಟಿದವರು ಚುಂಗ್ ಜು-ಯುಂಗ್. ಹುಟ್ಟಿದ್ದು ಉತ್ತರದ ಬಡ ರೈತನ ಮನೆಯಲ್ಲಿ. ಹುಡುಗನಾಗಿದ್ದಾಗ ಅಪ್ಪ ದನ ಮಾರಿದ ದುಡ್ಡು ತೆಗೆದುಕೊಂಡು ಮನೆ ಬಿಟ್ಟು ಓಡಿದ್ದರು. 1998ರಲ್ಲಿ ಅವರಿಗೆ 82 ವಯಸ್ಸು. ಆ ವರ್ಷ ಎರಡು ಸಲ ಲಾರಿಗಳಲ್ಲಿ ದನ ತುಂಬಿಕೊಂಡು ಗಡಿ ದಾಟಿದರು. ಒಟ್ಟು 1,001 ದನ. ಒಂದು ದನದ ಸಾಲ ಹೀಗೆ ತೀರಿಸಿದರು.

ಕೊಡಗಿನ ಜನರಲ್

ಈ ಗಡಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಯುದ್ಧ ನಿಂತಾಗ 22,000ಕ್ಕೂ ಹೆಚ್ಚು ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪಲಿಲ್ಲ. ಅವರನ್ನು ಕಾಯುವವರು ಯಾರು? ಎರಡೂ ಕಡೆಯವರು ನಂಬುವ ಜನ ಬೇಕಿತ್ತು. ಭಾರತ ಮುಂದೆ ಬಂತು. ಅದಕ್ಕಾಗಿ ಮಾಡಿದ ಐದು ದೇಶಗಳ ಆಯೋಗಕ್ಕೆ ಜನರಲ್ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಅವರು ಮಡಿಕೇರಿಯವರು.

ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದು ಅಂತ ಆಗಿನ ದಕ್ಷಿಣ ಕೊರಿಯಾದ ಅಧ್ಯಕ್ಷರು ಹಟ ಹಿಡಿದರು. ಹಡಗಿನಲ್ಲಿ ಹೋದ ನಮ್ಮ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಪಟ್ಟಿಗೆ ಸಾಗಿಸಬೇಕಾಯಿತು. ಹೀಗೆ 1953-54ರಲ್ಲಿ ನಮ್ಮವರು ಅಲ್ಲಿ ಕಾವಲಿದ್ದರು. ಉತ್ತರವೂ ಬೇಡ, ದಕ್ಷಿಣವೂ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಅವರ ಜೊತೆ ಭಾರತಕ್ಕೆ ಬಂದರು. ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ 2021ರಿಂದ ವಸ್ತುಸಂಗ್ರಹಾಲಯ ಆಗಿದೆ. ಅದನ್ನು ನಾವು ಬಸ್ಸಿನಲ್ಲೇ ಹೋಗಿ ನೋಡಬಹುದು.

ಕಾಯುವ ಜನ

ಯುದ್ಧದಲ್ಲಿ ಗಂಡ ಒಂದು ಕಡೆ ಉಳಿದ, ಹೆಂಡತಿ ಇನ್ನೊಂದು ಕಡೆ. ತಾಯಿ ಅಲ್ಲಿ, ಮಗ ಇಲ್ಲಿ. ಕಾಗದ ಹೋಗುವುದಿಲ್ಲ. ಫೋನೂ ಇಲ್ಲ. ನಮ್ಮವರನ್ನು ತೋರಿಸಿ ಅಂತ ದಕ್ಷಿಣದಲ್ಲಿ 1,30,000ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. 2000ದಿಂದ 2018ರವರೆಗೆ 21 ಸಲ ಭೇಟಿ ನಡೆಯಿತು. ಪ್ರತಿ ಸಲ ಕೆಲವರಿಗೆ ಮಾತ್ರ ಅವಕಾಶ. ಕೆಲವು ಗಂಟೆ ಮಾತು, ಅಳು. ಮತ್ತೆ ಅಗಲಿಕೆ. 2018ರ ನಂತರ ಭೇಟಿ ಆಗಿಲ್ಲ. ಹೆಸರು ಬರೆಸಿದವರಲ್ಲಿ ಹೆಚ್ಚಿನವರು ಕಾಯುತ್ತಲೇ ಸತ್ತರು. 2024ರ ಅಕ್ಟೋಬರಿನಲ್ಲಿ ಉತ್ತರದವರು ದಕ್ಷಿಣಕ್ಕೆ ಕೂಡುವ ರಸ್ತೆಗಳನ್ನೂ ಸಿಡಿಸಿ ಒಡೆದರು.

ನೋಡುವವರಿಗೆ ನಾಲ್ಕು ಮಾತು

ಇಂಥ ಗಡಿ ನೋಡಲು ಹೋದರೆ ಈ ಮಾತು ನೆನಪಿರಲಿ.
1. ದಾರಿ ಬಿಟ್ಟು ಕಾಲಿಡಬಾರದು. ನೆಲಬಾಂಬು ಇರಬಹುದು.
2. ಬೇಡ ಅಂದ ಕಡೆ ಫೋಟೋ ತೆಗೆಯಬಾರದು.
3. ಆಚೆ ಕಡೆಯವರನ್ನು ಕೂಗಿ ಕೆಣಕಬಾರದು.
4. ಗುಂಪು ಬಿಟ್ಟು ಹೋಗಬಾರದು. 2023ರ ಜುಲೈನಲ್ಲಿ ಪ್ರವಾಸಿಗಳ ಜೊತೆ ಬಂದ ಒಬ್ಬ ಅಮೆರಿಕನ್ ಸೈನಿಕ ಗೆರೆ ದಾಟಿ ಓಡಿದ. ಆಮೇಲೆ ಆ ಜಾಗದ ಪ್ರವಾಸವೇ ನಿಂತುಹೋಯಿತು.

ಇಮ್ಜಿಂಗಾಕ್‌ನಲ್ಲಿ ಮಕ್ಕಳು ಆಡುವ ಜಾಗವೂ ಇದೆ. ಅಂಗಡಿಗಳೂ ಇವೆ. ಪ್ರವಾಸಿಗೆ ಅದು ಒಂದು ದಿನದ ನೋಟ. ಬೇಲಿಗೆ ಪಟ್ಟಿ ಕಟ್ಟಿದವರಿಗೆ ಅದು ಇಡೀ ಬಾಳಿನ ನೋವು. ನಮ್ಮಲ್ಲೂ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುತ್ತಾರೆ. ನಡುವೆ ಬದು ಬರುತ್ತದೆ. ಬರಲಿ. ಬದುವಿನ ಮೇಲೆ ಕೂತು ಮಾತಾಡಬಹುದು. ಮಾತು ನಿಂತರೆ ಮಾತ್ರ ಬದುವೇ ಬೇಲಿ ಆಗುತ್ತದೆ.

ಹೊಸ ಪದಗಳು
ಕದನ ವಿರಾಮ – ಯುದ್ಧ ನಿಲ್ಲಿಸುವುದು
ದುರ್ಬೀನು – ದೂರದ್ದನ್ನು ಹತ್ತಿರ ತೋರಿಸುವ ಸಾಧನ
ಆಯೋಗ – ಒಂದು ಕೆಲಸಕ್ಕೆ ನೇಮಿಸಿದ ಮಂಡಳಿ

ಉತ್ತರ ಬರೆಯಿರಿ
1. ಕೊರಿಯಾ ಯುದ್ಧ ಯಾವ ವರ್ಷ ನಿಂತಿತು?
2. ಜನರಲ್ ತಿಮ್ಮಯ್ಯನವರು ಅಲ್ಲಿ ಏನು ಕೆಲಸ ಮಾಡಿದರು?

ಕೂತು ಮಾತಾಡಿ
ನಿಮ್ಮ ಊರಲ್ಲಿ ಬದುವಿನ ಜಗಳ ಇದೆಯೇ? ಅದನ್ನು ಹೇಗೆ ಬಗೆಹರಿಸಬಹುದು?