ಕೃಷಿ ಮತ್ತು ಆರೋಗ್ಯ: ಹೊಲದ ಟ್ರಾನ್ಸ್‌ಫಾರ್ಮರ್ ಯಾರ ಹೊಣೆ?



ಮೆಣಸಿನ ಗಿಡ ಹೂ ಬಿಟ್ಟಿರುತ್ತದೆ, ಈರುಳ್ಳಿ ಗಡ್ಡೆ ಕಟ್ಟುತ್ತಿರುತ್ತದೆ. ಅದೇ ವಾರ ಹೊಲದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಆದೋನಿ, ಆಲೂರು, ಕೋಸಿಗಿ, ಹೊಳಗುಂದ ಕಡೆಯ ಬೋರಿನ ರೈತರಿಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ತಲೆಗಿಷ್ಟೆಂದು ಚಂದಾ ಎತ್ತಿ, ಸುಟ್ಟದ್ದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪಟ್ಟಣಕ್ಕೆ ಹೋಗಿ, ಸರದಿಗಾಗಿ ಕಾದು ಬರುವುದನ್ನು ನಾವೂ ನೋಡಿದ್ದೇವೆ. ಇದು ಏಕೆ ಸುಡುತ್ತದೆ, ಹೊಸ ಲೈನು ಎಳೆಯುವಾಗ ಊರಿನವರು ಏನು ಕೇಳಬೇಕು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಹಳೆಯ ಪದ್ಧತಿಯಲ್ಲಿ 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದನ್ನು ನಿಲ್ಲಿಸಿ, ಅಲ್ಲಿಂದ ಇಪ್ಪತ್ತು ಮೋಟರುಗಳಿಗೆ 415 ವೋಲ್ಟಿನ ಉದ್ದುದ್ದ ತಂತಿ ಎಳೆಯುತ್ತಿದ್ದರು. ತಂತಿ ಉದ್ದವಾದಷ್ಟೂ ವೋಲ್ಟೇಜು ಇಳಿಯುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ ಕೊನೆಯ ಮೋಟರಿಗೆ ಬಲ ಮುಟ್ಟುವುದಿಲ್ಲ. ವೋಲ್ಟೇಜು ನೂರಕ್ಕೆ ಎಂಬತ್ತಕ್ಕೆ ಇಳಿದರೆ ಮೋಟರಿನ ತಿರುಗುಬಲ ನೂರಕ್ಕೆ ಅರವತ್ತನಾಲ್ಕಕ್ಕೆ ಇಳಿಯುತ್ತದೆ. ಆಗ ಮೋಟರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಎಚ್.ವಿ.ಡಿ.ಎಸ್., ಅಂದರೆ ಹೆಚ್ಚು ವೋಲ್ಟೇಜಿನ ಲೈನನ್ನೇ ಹೊಲದವರೆಗೆ ತರುವ ಪದ್ಧತಿ. 11,000 ವೋಲ್ಟಿನ ಲೈನು ಬೋರಿನ ಹತ್ತಿರಕ್ಕೆ ಬರುತ್ತದೆ. ಅಲ್ಲಿ 15 ಅಥವಾ 25 ಕೆ.ವಿ.ಎ.ಯ ಚಿಕ್ಕ ಟ್ರಾನ್ಸ್‌ಫಾರ್ಮರ್ ಕೂರುತ್ತದೆ, ಅದರ ಮೇಲೆ ಮೂರು ನಾಲ್ಕು ಮೋಟರು ಮಾತ್ರ. ಅಷ್ಟೇ ಶಕ್ತಿಯನ್ನು 11,000 ವೋಲ್ಟಿನಲ್ಲಿ ಸಾಗಿಸುವಾಗ ತಂತಿಯಲ್ಲಿ ಹರಿಯುವ ಕರೆಂಟು 415 ವೋಲ್ಟಿಗಿಂತ ಸುಮಾರು 26 ಪಟ್ಟು ಕಡಿಮೆ. ಆದ್ದರಿಂದ ದಾರಿಯಲ್ಲಿ ಸೋರಿ ಹೋಗುವುದೂ ಬಹಳ ಕಡಿಮೆ. ಆಂಧ್ರಪ್ರದೇಶದಲ್ಲಿ ಈ ಕೆಲಸ 2000ದ ದಶಕದಲ್ಲಿ ದೊಡ್ಡದಾಗಿ ನಡೆಯಿತು. 2011ರಲ್ಲಿ ಜಪಾನಿನ ಜೈಕಾ ಸಂಸ್ಥೆಯೂ ಇದಕ್ಕಾಗಿ ಸಾಲ ಕೊಟ್ಟಿತು.

ನಮ್ಮ ಅನುಭವದಲ್ಲಿ ಇದರ ದೊಡ್ಡ ಲಾಭ ಬೇರೆಯೇ. ಇಪ್ಪತ್ತು ಜನರದಾಗಿದ್ದಾಗ ಟ್ರಾನ್ಸ್‌ಫಾರ್ಮರ್ ಯಾರದೂ ಅಲ್ಲ. ನಾಲ್ಕು ಜನರದಾದರೆ ಅದು ನಮ್ಮದು. ಕಳ್ಳತನದಲ್ಲಿ ಇನ್ನೊಂದು ತಂತಿ ಹಾಕಿದವನು ಯಾರೆಂದು ಆ ನಾಲ್ವರಿಗೂ ಗೊತ್ತಿರುತ್ತದೆ.

ಆದರೆ ಲೆಕ್ಕ ತಪ್ಪಬಾರದು. 5 ಎಚ್.ಪಿ. ಮೋಟರು ಒಂದಕ್ಕೆ ಸುಮಾರು ಐದೂವರೆ ಕೆ.ವಿ.ಎ. ಬೇಕು. ನಾಲ್ಕಕ್ಕೆ 22 ಆಯಿತು. 25ರ ಟ್ರಾನ್ಸ್‌ಫಾರ್ಮರಿಗೆ ಐದನೆಯದನ್ನು ಸೇರಿಸಿದರೆ ಭಾರ ಮೀರಿತು. ನೀರು ಕೆಳಗಿಳಿದಂತೆ 5ರ ಜಾಗದಲ್ಲಿ ಏಳೂವರೆಯ ಮೋಟರು ಇಳಿಸಿ ಯಾರಿಗೂ ಹೇಳದೆ ಇರುವುದು ನಮ್ಮಲ್ಲಿ ಸಾಮಾನ್ಯ. ಇನ್ನೊಂದು ದೋಷ ಆಟೋ ಸ್ಟಾರ್ಟರ್. ಮೋಟರು ಏಳುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟು ಬಂದ ಕ್ಷಣಕ್ಕೆ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಾದರೂ ಹೇಗೆ? ನಾಲ್ವರು ಒಂದು ಮಾತಿಗೆ ಬಂದು, ಒಬ್ಬರಾದ ಮೇಲೆ ಒಬ್ಬರಂತೆ ಎರಡೆರಡು ನಿಮಿಷ ಬಿಟ್ಟು ಚಾಲೂ ಮಾಡಿದರೆ ಖರ್ಚೇ ಇಲ್ಲದ ರಕ್ಷಣೆ.

ಕೆಪಾಸಿಟರ್ ವಿಷಯವನ್ನೂ ಹೇಳಬೇಕು. 2004ರಲ್ಲಿ ರೈತರಿಗೆ ಉಚಿತ ವಿದ್ಯುತ್ ಬಂದ ಮೇಲೆ ಸರಕಾರ ಕೆಪಾಸಿಟರ್, ಘರ್ಷಣೆ ಕಡಿಮೆಯ ಫುಟ್‌ವಾಲ್ವ್, ಪ್ಲಾಸ್ಟಿಕ್ ಪೈಪು, ಐ.ಎಸ್.ಐ. ಗುರುತಿನ ಪಂಪು ಇರಬೇಕೆಂದು ಷರತ್ತು ಹಾಕಿತು. ಬಹಳ ಜನ ಕೆಪಾಸಿಟರನ್ನು ಹಾಕಿದಂತೆ ಮಾಡಿ ತಂತಿ ಬಿಚ್ಚಿಟ್ಟರು. ಬಿಲ್ಲೇ ಇಲ್ಲದಿರುವಾಗ ಅದರಿಂದ ನಮಗೇನು ಎಂಬ ಭಾವನೆ. ವಾಸ್ತವದಲ್ಲಿ ಸರಿಯಾದ ಕೆಪಾಸಿಟರ್ ಇದ್ದರೆ ತಂತಿಯ ಮೇಲಿನ ಕರೆಂಟು ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಆದರೆ ಒಬ್ಬರೇ ಹಾಕಿದರೆ ಲಾಭ ಅಲ್ಪ, ನಾಲ್ವರೂ ಹಾಕಿದರೆ ವೋಲ್ಟೇಜು ಏರುವುದು ಕಣ್ಣಿಗೆ ಕಾಣುತ್ತದೆ.

ಇನ್ನು ಲೈನು ಎಳೆಯುವ ದಾರಿ. ಇದನ್ನು ನಕ್ಷೆ ನೋಡಿ ತೀರ್ಮಾನಿಸಿದರೆ ಆಮೇಲೆ ಅನಾಹುತ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕಲ್ಲು, ಕಾಂಕ್ರೀಟು ತುಂಬದೆ ನೆಟ್ಟ ಕಂಬ ಎರಡು ಮಳೆಗಾಲದಲ್ಲಿ ವಾಲುತ್ತದೆ. ಹಳ್ಳ ಎಲ್ಲಿ ತುಂಬಿ ಹರಿಯುತ್ತದೆ, ಹತ್ತಿಯ ಮೂಟೆ ಹೊತ್ತ ಲಾರಿ ಎಲ್ಲಿ ತಿರುಗುತ್ತದೆ ಎಂಬುದು ರೈತನಿಗೆ ಮಾತ್ರ ಗೊತ್ತು. ಎಲ್ಲಕ್ಕಿಂತ ಮುಖ್ಯ ಬೋರಿನ ಜಾಗ. ಮೋಟರು ಕೆಟ್ಟಾಗ ಇಪ್ಪತ್ತು ಅಡಿಯ ಕಬ್ಬಿಣದ ಪೈಪನ್ನು ನೆಟ್ಟಗೆ ಮೇಲೆತ್ತುತ್ತೇವೆ. ತಲೆಯ ಮೇಲೆ 11,000 ವೋಲ್ಟಿನ ತಂತಿ ಇದ್ದರೆ ಮುಟ್ಟಬೇಕೆಂದಿಲ್ಲ, ತೀರ ಹತ್ತಿರ ಬಂದರೂ ಸಾಕು, ಪೈಪು ಹಿಡಿದವರೆಲ್ಲ ಹೋಗುತ್ತಾರೆ. ಆದ್ದರಿಂದ ಅಧಿಕಾರಿಗಳು, ಗುತ್ತಿಗೆದಾರರು ಬಂದ ದಿನವೇ ಅವರ ಜೊತೆ ಹೊಲ ಸುತ್ತಿ, ಬೋರಿನ ಮೇಲೆ ತಂತಿ ಹಾಯದಂತೆ ಬದುವಿನ ಗುಂಟ ಗುರುತು ಹಾಕಿಸಿಕೊಳ್ಳಿ. ಕಂಬ ನೆಟ್ಟ ಮೇಲೆ ಜಗಳ ಮಾಡಿದರೆ ಕೆಲಸ ನಿಲ್ಲುತ್ತದೆ, ಲೈನು ಮಾತ್ರ ಸರಿಯುವುದಿಲ್ಲ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಮಾತನಾಡುವ ಮನೆಗಳಲ್ಲಿ ಹಿರಿಯರಿಗೆ ತೆಲುಗು ಮಾತು ಚೆನ್ನಾಗಿ ಬಂದರೂ ಓದಲು ಬಾರದವರಿದ್ದಾರೆ. ಕಾಗದವೆಲ್ಲ ತೆಲುಗಿನಲ್ಲಿ. ಕೆಲಸ ಮುಗಿಯಿತೆಂಬ ಕಾಗದಕ್ಕೆ ಕೆಲಸ ಮುಗಿಯುವ ಮೊದಲೇ ಹೆಬ್ಬೆಟ್ಟು ಒತ್ತಿದವರನ್ನು ನಾವು ಬಲ್ಲೆವು. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿ, ಆಮೇಲೆ ರುಜು ಹಾಕಿ. ಇದರಲ್ಲಿ ನಾಚಿಕೆಯಿಲ್ಲ.

ಕೇಳುವ ಹಕ್ಕೂ ಇದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ 2004ರ ನಿಯಮದಂತೆ ಹಳ್ಳಿಯಲ್ಲಿ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಕಂಪನಿ 48 ಗಂಟೆಯೊಳಗೆ ಬದಲಾಯಿಸಬೇಕು. ಹಾಗಾದರೆ ಟ್ರ್ಯಾಕ್ಟರಿನ ಬಾಡಿಗೆ ನಾವೇಕೆ ಕೊಡಬೇಕು? ದೂರನ್ನು 1912ಕ್ಕೆ ಹೇಳಿ, ನಂಬರು ಬರೆದಿಟ್ಟುಕೊಳ್ಳಿ. 2014ರಿಂದ ಕರ್ನೂಲು ಜಿಲ್ಲೆ ತಿರುಪತಿಯ ದಕ್ಷಿಣ ವಿತರಣಾ ಕಂಪನಿಗೆ ಸೇರಿದೆ. ಆಯೋಗದ ಕಚೇರಿ 2023ರಲ್ಲಿ ಹೈದರಾಬಾದಿನಿಂದ ಕರ್ನೂಲಿಗೇ ಬಂತು. ದರ ನಿಗದಿಗೆ ಮುಂಚೆ ಅದು ನಡೆಸುವ ಬಹಿರಂಗ ವಿಚಾರಣೆಯಲ್ಲಿ ಯಾವ ರೈತನೂ ಮಾತನಾಡಬಹುದು.

ಜನರೇ ಲೈನು ನಡೆಸಿದ ಉದಾಹರಣೆಯೂ ಉಂಟು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಆರಂಭವಾಯಿತು. ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಅದೇ ಕಾಲದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಮಾತ್ರ ಬಾಕಿ ಬೆಳೆದು, 2011ರಲ್ಲಿ ಅದರ ಕೆಲಸ ಸರಕಾರಿ ಕಂಪನಿಗೆ ಹೋಯಿತು. ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಂದು ನಾವು ಹೇಳುವುದಿಲ್ಲ. ನಮಗೆ ಸದ್ಯ ಬೇಕಾದದ್ದು ಒಂದು ಟ್ರಾನ್ಸ್‌ಫಾರ್ಮರಿನ ನಾಲ್ಕು ಮನೆಗಳ ಒಪ್ಪಂದ.

ಬೇಸಿಗೆಗೆ ಮುಂಚೆ ಅರ್ಥಿಂಗ್ ಗುಂಡಿ ನೋಡಿ. ಎರೆಮಣ್ಣು ಬಿರಿದು ಒಣಗಿದರೆ ಅರ್ಥ್ ಸಿಕ್ಕುವುದಿಲ್ಲ. ಉಪ್ಪು, ಇದ್ದಿಲು ತುಂಬಿಸುವುದು ಲೈನ್‌ಮ್ಯಾನಿನ ಕೆಲಸ. ವಾರಕ್ಕೊಮ್ಮೆ ದೂರದಿಂದಲೇ ಗುಂಡಿಗೆ ಒಂದು ಕೊಡ ನೀರು ಹಾಕುವುದು ನಮ್ಮದು. ತಂತಿಯನ್ನು ಮುಟ್ಟಬೇಡಿ. ಫ್ಯೂಸು ಹೋದರೆ ನೀವಾಗಿ ಹತ್ತಬೇಡಿ, ನೆರೆಯವರನ್ನೂ ಹತ್ತಿಸಬೇಡಿ. ನೀರು ತಡವಾದರೆ ಬೆಳೆ ಒಣಗೀತು, ಅಷ್ಟೇ. ಹರಿದು ಬಿದ್ದ ತಂತಿ ಕಂಡರೆ ದನಕರುಗಳನ್ನು ದೂರ ಹೊಡೆದು, ಒಬ್ಬರನ್ನು ಕಾವಲಿಗೆ ನಿಲ್ಲಿಸಿ, 1912ಕ್ಕೆ ತಿಳಿಸಿ.

ಯಾರಿಗಾದರೂ ಮೋಟರಿನ ಹತ್ತಿರ ಶಾಕ್ ಹೊಡೆದರೆ ಮೊದಲು ಸ್ವಿಚ್ಚು ತೆಗೆಯಿರಿ. ಆಗದಿದ್ದರೆ ಒಣ ನೆಲದಲ್ಲಿ ಒಣ ಚಪ್ಪಲಿ ಮೆಟ್ಟಿ ನಿಂತು, ಒಣ ಕಟ್ಟಿಗೆಯಿಂದ ತಂತಿ ಸರಿಸಿ. ಬರಿಗೈಯಲ್ಲಿ ಎಳೆದರೆ ಇಬ್ಬರೂ ಹೋಗುತ್ತೀರಿ. 11,000 ವೋಲ್ಟಿನ ಲೈನಾದರೆ ಕಟ್ಟಿಗೆಯೂ ಕಾಯುವುದಿಲ್ಲ. ಸಬ್‌ಸ್ಟೇಷನ್ನಿನಲ್ಲಿ ಲೈನು ನಿಲ್ಲಿಸಿದ್ದು ಖಚಿತವಾಗುವವರೆಗೆ ಹತ್ತಿರ ಹೋಗಬೇಡಿ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಮಣ್ಣಿನಲ್ಲಿ ಹೂಳುವುದು, ಸುಟ್ಟ ಗಾಯಕ್ಕೆ ಸೆಗಣಿ ಹಚ್ಚುವುದು ಬೇಡ. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೃದಯದ ಬಡಿತ ಆಮೇಲೆಯೂ ತಪ್ಪುವುದುಂಟು.